ಬಾಪ್ಪುವಿನ ಸೈರನ್

ನನ್ನ ಬಾಪ್ಪುವಿಗೆ ಕಳ್ಳರ ಮೇಲೆ ಒಂದಿಷ್ಟೂ ಕೋಪವಿರಲಿಲ್ಲ. ಮನೆಗೆ ಕಳ್ಳರ ಅಲಾರಂ ಹಾಕಿಸಿದ ಮೇಲೂ ಅವರನ್ನು ಕಾಡಿದ ದೊಡ್ಡ ಚಿಂತೆಯೆಂದರೆ, ಅದು ಕೂಗಿದಾಗ ಕಳ್ಳನಿಗೆ ಏನಾದರೂ ಆದರೆ ಎಂಬುದು. ತಮಾಷೆಗೆ ಹೇಳುತ್ತಿಲ್ಲ. ಸೈರನ್ನಿನ ದನಿಯನ್ನು ಒಮ್ಮೆಲೇ ಏರಿಸುವುದೋ ಮೆಲ್ಲಮೆಲ್ಲನೆ ಏರಿಸುವುದೋ ಎಂಬ ಪ್ರಶ್ನೆ ಬಂದಾಗ, "ಅವನಿಗೂ ಬಿ.ಪಿ. ಇರಬಹುದಲ್ಲ" ಎಂದವರು ಅವರು.

ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ಅವರ ಮನೆ ಕಾಸರಗೋಡು ಕಡೆಯ ಮೀಂಜದಲ್ಲಿ, ರಸ್ತೆಗೆ ತಾಗಿಕೊಂಡೇ ಇದೆ. ಗಲ್ಫಿನ ಹೋಟೆಲೊಂದರ ಲಾಂಡ್ರಿಯಲ್ಲಿ ಬಹಳ ವರ್ಷ ದುಡಿದು ಊರಿಗೆ ಬಂದವರು. ಅಲ್ಲಿ ಯಾರ್‍ಯಾರದೋ ಅಂಗಿಗಳ ಕಾಲರಿನ ಹಿಂದೆ ಹೊಲಿದ ಚೀಟಿಗಳನ್ನು, ಬಿಸಿನೀರು ಆಗುತ್ತದೋ ಇಲ್ಲವೋ, ಇಸ್ತ್ರಿ ತಾಗಿಸಬಹುದೋ ಬಾರದೋ ಎಂದು ಓದಿ ಓದಿ ಅವರಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಯಾವ ವಸ್ತುವಿನ ಜೊತೆ ಬಂದ ಸೂಚನೆಯನ್ನೂ ಅವರು ಓದದೆ ಬಿಡುತ್ತಿರಲಿಲ್ಲ. ಮಿಕ್ಸಿಯ ಪುಸ್ತಿಕೆ, ಇಸ್ತ್ರಿಪೆಟ್ಟಿಗೆಯ ಪುಸ್ತಿಕೆ, ಕೊನೆಗೆ ಕೊಡೆಯ ಹಿಡಿಗೆ ಕಟ್ಟಿದ ಚೀಟಿ ಕೂಡ! ಒಮ್ಮೆ ಹೊಸ ಕುಕ್ಕರಿನ ಪುಸ್ತಿಕೆಯನ್ನು ಮೊದಲಿಂದ ಕೊನೆಯವರೆಗೆ ಓದಿ ಮುಗಿಸಿ, ಮದುವೆಯಾದಂದಿನಿಂದ ಅಡುಗೆ ಮಾಡುತ್ತಿದ್ದ ಹೆಂಡತಿಗೆ, ಅಂದರೆ ನಮ್ಮ ಆಂಟಿಗೆ, ಅನ್ನ ಮಾಡುವುದು ಹೇಗೆಂದು ಹೇಳಿಕೊಟ್ಟರು. ಆ ದಿನ ಅಡುಗೆ ಬಾಪ್ಪುವೇ ಮಾಡಬೇಕಾಯಿತು.

ಅಲಾರಂ ಮನೆಗೆ ಬಂದದ್ದು ಹೀಗೆ. ಬಾಪ್ಪು ಕಾಸರಗೋಡಿಗೆ ಹೋದದ್ದು ಎಮರ್ಜೆನ್ಸಿ ಲೈಟ್ ತರಲು. ಅಂಗಡಿಯಲ್ಲಿ ಅದು ಮುಗಿದುಹೋಗಿತ್ತು. ಅಷ್ಟು ಹೊತ್ತು ಮಾತಾಡಿಸಿ ಬರಿಗೈಯಲ್ಲಿ ಹೊರಟರೆ ಅಂಗಡಿಯವನಿಗೆ ಬೇಸರವಾದೀತೆಂದು, ಅವನ ಬಳಿ ಇದ್ದ ಕಳ್ಳರ ಅಲಾರಂ ತೆಗೆದುಕೊಂಡು ಬಂದರು. ಪೆಟ್ಟಿಗೆಯನ್ನು ನೋಡಿದ ಆಂಟಿ ಕೇಳಿದ್ದು ಒಂದೇ ಮಾತು. "ನಮ್ಮಲ್ಲಿ ಕದಿಯುವಂಥದ್ದು ಎಂತ ಉಂಟು?"

ಬಾಪ್ಪು ಸ್ವಲ್ಪ ಯೋಚಿಸಿ ಹೇಳಿದರು. "ಈಗ ಉಂಟಲ್ಲ, ಅಲಾರಂ."

ಅಂಗಡಿಯ ಟೆಕ್ನಿಷಿಯನ್ ಬಂದು ಮುಂಬಾಗಿಲಿಗೊಂದು ಸಣ್ಣ ಬಿಲ್ಲೆ, ಹಾಲಿನ ಮೂಲೆಗೊಂದು ಸೆನ್ಸರ್ ಕಣ್ಣು, ಮಾಡಿನ ಕೆಳಗೊಂದು ಸೈರನ್ ಕೂರಿಸಿ, ಹಾಲಿನ ಆಚೆ ತುದಿಯ ಗೋಡೆಗೆ ಅಂಕಿಗಳಿದ್ದ ಗುಂಡಿಗಳ ಪೆಟ್ಟಿಗೆಯೊಂದನ್ನು ಹೊಡೆದು ಹೋದ. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಸುಮ್ಮನಾಗುತ್ತಿದ್ದರು. ಆದರೆ ಪುಸ್ತಿಕೆಯಲ್ಲಿ ಸೈರನ್ನಿಗೆಂದೇ ಒಂದು ಅಧ್ಯಾಯವಿತ್ತು. ಎಷ್ಟು ಜೋರು, ಎಷ್ಟು ಹೊತ್ತು, ಯಾವ ದನಿ ಎಂಬ ಮೂರನ್ನೂ ಮನೆಯವರೇ ತೀರ್ಮಾನಿಸಬಹುದು ಎಂದು ಅದರಲ್ಲಿ ಬರೆದಿತ್ತು. ಇಂಥ ಸ್ವಾತಂತ್ರ್ಯ ಕೊಟ್ಟ ಮೇಲೆ ಬಳಸದೆ ಇರುವುದು ಹೇಗೆ?

ಬಾಪ್ಪು ಮನೆಮನೆಗೆ ಹೋಗಿ, ನಾಳೆ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮಲ್ಲಿ ಸೈರನ್ ಆಗಲಿಕ್ಕುಂಟು, ಯಾರೂ ಹೆದರಬೇಡಿ ಎಂದು ಹೇಳಿ ಬಂದರು. ಮದುವೆಗೆ ಕರೆಯುವಷ್ಟೇ ವಿನಯದಿಂದ ಹೇಳಿದ್ದರಿಂದ ಕೆಲವರು ಬೇಗನೆ ಸ್ನಾನ ಮುಗಿಸಿ ಬಂದರು. ಹನ್ನೊಂದಕ್ಕೆ ಸರಿಯಾಗಿ ಸೈರನ್ ಕೂಗಿತು. ಕೂಗಿ ಮುಗಿದ ಮೇಲೆ ಬಾಪ್ಪು ಅಂಗಳದಲ್ಲಿ ನಿಂತು ಒಬ್ಬೊಬ್ಬರ ಅಭಿಪ್ರಾಯ ಕೇಳಿದರು.

ಪಕ್ಕದ ಮನೆಯ ಮೊಯ್ದಿನಾಕ ಹೊಸಂಗಡಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು, ಗಿರಾಕಿಗೆ ನೋವಾಗದಂತೆ ಮಾತಾಡಿ ಗೊತ್ತು. ನಮ್ಮಂಥ ಕೊಂಕಣಿ ಕ್ರೈಸ್ತರನ್ನು ಊರಲ್ಲಿ ಮರ್ಯಾದೆಯಿಂದ ಪೊರ್ಬುಗಳು ಎನ್ನುವುದುಂಟು. "ಪೊರ್ಬುಗಳೇ, ಸ್ವರ ಒಳ್ಳೆದುಂಟು," ಎಂದರು ಮೊಯ್ದಿನಾಕ. "ಆದ್ರೆ ಇದು ಆಂಬುಲೆನ್ಸಿನದ್ದಲ್ವಾ? ಇದು ಕೇಳಿದ್ರೆ ನಾವು ದಾರಿ ಬಿಟ್ಟು ಬದಿಗೆ ನಿಲ್ತೇವೆ. ಕಳ್ಳನಿಗೆ ಓಡ್ಲಿಕ್ಕೆ ಅನುಕೂಲ ಆಗ್ತದೆ."

ಇದು ಯೋಚಿಸಬೇಕಾದ ಮಾತೇ. ಮರುದಿನ ಹನ್ನೊಂದಕ್ಕೆ ಎರಡನೆಯ ದನಿ. ಅದು ಬಿಟ್ಟುಬಿಟ್ಟು ಕೂಗುವಂಥದ್ದು. ಊರಿನ ನಾಯಿಗಳೆಲ್ಲ ದನಿಗೂಡಿಸಿದವು. ಸೈರನ್ ನಿಂತ ಮೇಲೂ ನಾಯಿಗಳು ನಿಲ್ಲಲಿಲ್ಲ. ಅವುಗಳನ್ನು ನಿಲ್ಲಿಸುವ ಗುಂಡಿ ಯಾವುದೆಂದು ಪುಸ್ತಿಕೆಯಲ್ಲಿರಲಿಲ್ಲ. ಮೂರನೆಯ ದಿನ ಮೂರನೆಯ ದನಿಗೆ ರಸ್ತೆಯಾಚೆಯ ಲೀಲಕ್ಕನ ದನ ಒದ್ದು ಹಾಲಿನ ಪಾತ್ರೆ ಉರುಳಿತು. ಬಾಪ್ಪು ಹೋಗಿ ಲೀಲಕ್ಕನ ಕ್ಷಮೆ ಕೇಳಿದರು. ದನದ ಹತ್ತಿರವೂ ಸ್ವಲ್ಪ ಹೊತ್ತು ನಿಂತಿದ್ದು ಬಂದರು. ಅಂದಿನಿಂದ ಸೈರನ್ನಿನ ದನಿ ತಗ್ಗಿತು. ಮೊಯ್ದಿನಾಕನ ಮೊಮ್ಮಗುವಿಗೆ ನಿದ್ರೆ ಕೆಡುತ್ತದೆಂದು ಐದು ನಿಮಿಷ ಕೂಗುವುದು ಒಂದೇ ನಿಮಿಷಕ್ಕಿಳಿಯಿತು. ಹೀಗೆ ಹತ್ತು ಹದಿನೈದು ದಿನಗಳಲ್ಲಿ ಆ ಸೈರನ್ ಒಂದು ರೂಪಕ್ಕೆ ಬಂತು. ಕಳ್ಳನೊಬ್ಬನನ್ನು ಬಿಟ್ಟು ಊರಿನ ಎಲ್ಲರ ಅಭಿಪ್ರಾಯವೂ ಅದರಲ್ಲಿತ್ತು.

ಅದು ಮೊದಲ ಬಾರಿಗೆ ನಿಜವಾಗಿ ಹಿಡಿದದ್ದು ನಮ್ಮ ಇಗರ್ಜಿಯ ಪಾದ್ರಿಗಳನ್ನು. ಒಂದು ಭಾನುವಾರ ಮಧ್ಯಾಹ್ನ ಬಾಪ್ಪುವಿನ ಅಂಗಳದಲ್ಲಿ ವಾರ್ಡಿನವರೆಲ್ಲ ಸೇರಿ ಪ್ರಾರ್ಥನೆ. ಮನೆಯೊಳಗೆ ಯಾರೂ ಇಲ್ಲದಾಗ ಅಲಾರಂ ಹಾಕಿಯೇ ಇರತಕ್ಕದ್ದು ಎಂದು ಪುಸ್ತಿಕೆಯಲ್ಲಿತ್ತು. ಬಾಪ್ಪು ಹಾಕಿದ್ದರು. ಪಾದ್ರಿಗಳು ಕೈ ತೊಳೆಯಲೆಂದು ಅಡುಗೆಮನೆಯ ಬಾಗಿಲಿಂದ ಒಳಗೆ ಹೋಗಿ ಹಾಲಿಗೆ ಕಾಲಿಟ್ಟರು. ನಾವು ಓಡಿ ಹೋಗಿ ನೋಡುವಾಗ ಅವರು ವಾಶ್‌ಬೇಸಿನಿನ ಪಕ್ಕ ಎರಡೂ ಕೈ ಮೇಲೆತ್ತಿ ನಿಂತಿದ್ದರು. ಅದು ಪೂಜೆಯಲ್ಲಿ ಕೈ ಎತ್ತುವ ರೀತಿಯಾಗಿರಲಿಲ್ಲ.

ಬಾಪ್ಪು ಮೊದಲು ಕ್ಷಮೆ ಕೇಳಿದರು. ಆಮೇಲೆ ಮೂಲೆಯ ಕಣ್ಣು ಮನುಷ್ಯರ ಮೈಬಿಸಿಯನ್ನು ಹೇಗೆ ಕಂಡುಹಿಡಿಯುತ್ತದೆ ಎಂದು ವಿವರಿಸಿದರು. ಅದಾದ ಮೇಲೆ ಆರಿಸಲು ಹೋದರು. ಅಷ್ಟರಲ್ಲಿ ಒಂದು ನಿಮಿಷ ಮುಗಿದು ಸೈರನ್ ತಾನಾಗಿಯೇ ನಿಂತಿತ್ತು.

ಮನೆಗೆ ಬಂದವರಿಗೆ ಇಂಥ ಅವಮಾನ ಇನ್ನಾಗಬಾರದೆಂದು ಬಾಪ್ಪು ಅಲಾರಂ ಆರಿಸುವ ನಾಲ್ಕು ಅಂಕಿಗಳನ್ನು ಅಲ್ಲೇ ಪಾದ್ರಿಗಳ ಕಿವಿಯಲ್ಲಿ ಹೇಳಿದರು. ಪಾದ್ರಿಗಳಿಗೆ ಹೇಳಿದ ಮೇಲೆ ಮೊಯ್ದಿನಾಕನಿಗೆ ಹೇಳದಿದ್ದರೆ ಅವರೇನು ತಿಳಿದಾರು? ಲೀಲಕ್ಕನಿಗೆ? ಗ್ಯಾಸ್ ತರುವವನಿಗೆ? ಕೊನೆಗೆ ಊರಲ್ಲಿ ಆ ಸಂಖ್ಯೆ ಗೊತ್ತಿಲ್ಲದವನು ನಾನೊಬ್ಬನೇ ಉಳಿದೆ. ಕೇಳಿದ್ದಕ್ಕೆ ಬಾಪ್ಪು ಗಂಭೀರವಾಗಿ, "ಅದು ಗುಟ್ಟಿನ ನಂಬರ್. ಹಾಗೆಲ್ಲ ಹೇಳುವ ಕ್ರಮ ಇಲ್ಲ" ಎಂದರು.

ಹೀಗೆ ಕೆಲವು ವರ್ಷ ಕಳೆದವು. ನಡುವೆ ಆಂಟಿಗೆ ಪಾರ್ಶ್ವವಾಯು ಬಡಿದು ಬಲಗಾಲು ಸೋತಿತು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದವರು ಊರುಗೋಲು ಹಿಡಿದು ನಡೆಯತೊಡಗಿದರು. ಯಾರೂ ಕೈ ಹಿಡಿಯುವಂತಿರಲಿಲ್ಲ, ಹಿಡಿದರೆ ಬೈಗುಳ ಖಂಡಿತ. ಸಂಜೆ ಲೀಲಕ್ಕನ ಮನೆಗೆ ಹೋಗಿ ಒಂದಷ್ಟು ಮಾತಾಡಿ, ಒಬ್ಬರೇ ಬಂದು, ಒಬ್ಬರೇ ಬೀಗ ತೆಗೆಯುವುದು ಅವರ ಹಟ.

ಆ ಕಾಲದಲ್ಲೊಮ್ಮೆ ಅಲಾರಮ್ಮಿನ ಬ್ಯಾಟರಿ ಬದಲಿಸಬೇಕಾಗಿ ಬಂತು. ಕಾಸರಗೋಡಿನಿಂದ ಬಂದ ಹೊಸ ಟೆಕ್ನಿಷಿಯನ್‌ಗೆ ಮಲಯಾಳ ಮಾತ್ರ ಬರುತ್ತಿತ್ತು. ಬಾಪ್ಪುವಿನ ಮಲಯಾಳ ಬಸ್ಸಿನ ಕಂಡಕ್ಟರನ ಜೊತೆಗಿನ ವ್ಯವಹಾರಕ್ಕಷ್ಟೇ ಸಾಲುತ್ತಿತ್ತು. ಹಾಗಾಗಿ ನಾನೂ ಹೋಗಿದ್ದೆ. ಬ್ಯಾಟರಿ ಹಾಕಿದವನು ಗುಂಡಿ ಒತ್ತಿ ಒಳಗಿನ ಲೆಕ್ಕಗಳನ್ನು ನೋಡುತ್ತಾ ಒಮ್ಮೆಲೇ ನಕ್ಕ. ಮುಂಬಾಗಿಲು ತೆರೆದು ಒಳಗೆ ಬಂದ ಮನೆಯವರು ನಂಬರ್ ಒತ್ತುವವರೆಗೆ ಸೈರನ್ ಸ್ವಲ್ಪ ಹೊತ್ತು ಕಾಯುತ್ತದಂತೆ. ಎಲ್ಲ ಕಡೆ ಅದು ಅರ್ಧ ನಿಮಿಷ. ಇಲ್ಲಿ ನಾಲ್ಕು ನಿಮಿಷ ಇಟ್ಟಿದ್ದಾರೆ, ಅಷ್ಟರಲ್ಲಿ ಕಳ್ಳ ಚಹಾ ಮಾಡಿ ಕುಡಿದು ಗ್ಲಾಸು ತೊಳೆದಿಟ್ಟು ಹೋಗಬಹುದು ಎಂದ. ನಾನೂ ನಕ್ಕು ಅದನ್ನು ಬಾಪ್ಪುವಿಗೆ ಹೇಳಿದೆ. ಬಾಪ್ಪು ನಗಲಿಲ್ಲ. ಅವನು ಅದನ್ನು ಅರ್ಧ ನಿಮಿಷಕ್ಕೆ ಇಳಿಸುವುದನ್ನು ಸುಮ್ಮನೆ ನೋಡಿದರು, ಚಹಾ ಕೊಟ್ಟರು, ಗೇಟಿನವರೆಗೆ ಹೋಗಿ ಕಳಿಸಿ ಬಂದರು.

ಬಂದವರೇ ಕನ್ನಡಕ ಹಾಕಿಕೊಂಡು ಗೋಡೆಯ ಬಳಿ ನಿಂತು ಮತ್ತೆ ಗುಂಡಿಗಳನ್ನು ಒತ್ತತೊಡಗಿದರು. ಈಗಷ್ಟೇ ಸರಿ ಮಾಡಿ ಹೋದನಲ್ಲ ಎಂದೆ.

"ಅವನಿಗೆ ಕಳ್ಳನ ವಿಷಯ ಮಾತ್ರ ಗೊತ್ತಿರುವುದು," ಎಂದರು ಬಾಪ್ಪು. "ಬಾಗಿಲಿಂದ ಇಲ್ಲಿಗೆ ಬರ್ಲಿಕ್ಕೆ ಅವಳಿಗೆ ಈಗ ಮೂರೂವರೆ ನಿಮಿಷ ಬೇಕು. ಹೋದ ವರ್ಷ ಎರಡು ಸಾಕಾಗ್ತಿತ್ತು."

ಆಮೇಲೆ ಒಂದೊಂದಾಗಿ ಹೇಳಿದರು. ಆಸ್ಪತ್ರೆಯಿಂದ ಬಂದ ಮೊದಲ ವಾರ ಆಂಟಿ ಒಬ್ಬರೇ ಒಳಗೆ ಬರುವಾಗ ಹಾಲಿನ ನಡುವೆಯೇ ಸೈರನ್ ಕೂಗಿಕೊಂಡಿತಂತೆ. ಮುಂದೆ ಹೋಗಲೂ ಆಗದೆ, ಹಿಂದೆ ಹೋಗಲೂ ಆಗದೆ ನಿಂತಲ್ಲೇ ನಿಂತಿದ್ದರಂತೆ. ನೆರೆಯವರೆಲ್ಲ ಓಡಿ ಬಂದರು. ಆಸ್ಪತ್ರೆಯಲ್ಲಿ ಒಂದು ದಿನವೂ ಅಳದ ಆಂಟಿ ಅಂದು ಅತ್ತರು. ಮರುದಿನದಿಂದ ಬಾಪ್ಪು ಅಡುಗೆಮನೆಯ ಕಿಟಕಿಯ ಹೊರಗೆ ನಿಂತು, ಆಂಟಿಯ ನಡಿಗೆಗೆ ಎಷ್ಟು ಹೊತ್ತು ಬೇಕೆಂದು ಎಣಿಸಿ, ಅಷ್ಟಕ್ಕೆ ಇನ್ನು ಸ್ವಲ್ಪ ಸೇರಿಸಿ ಇಡುತ್ತಾ ಬಂದಿದ್ದರು.

"ಹಾಗಾದ್ರೆ ಅಲಾರಮ್ಮನ್ನೇ ತೆಗೆದುಬಿಡಬಹುದಲ್ಲ?" ಎಂದೆ.

"ತೆಗೆದ್ರೆ, ಯಾಕೆ ತೆಗೆದದ್ದು ಅಂತ ಅವಳಿಗೆ ಗೊತ್ತಾಗುದಿಲ್ವಾ?"

ಅಷ್ಟರಲ್ಲಿ ಗೇಟಿನ ಶಬ್ದ. ಆಂಟಿ ಲೀಲಕ್ಕನ ಮನೆಯಿಂದ ಬಂದದ್ದು. ಬಾಪ್ಪು ಬೇಗಬೇಗನೆ ಮುಂಬಾಗಿಲು ಮುಚ್ಚಿ, ಮತ್ತೆ ನಾಲ್ಕು ನಿಮಿಷಕ್ಕೇ ಇಟ್ಟು ಅಲಾರಂ ಹಾಕಿ, ನನ್ನ ತೋಳು ಹಿಡಿದು ಅಡುಗೆಮನೆಯ ಬಾಗಿಲಿಂದ ಹೊರಗೆ ಕರೆದುಕೊಂಡು ಹೋದರು. ಬಟ್ಟೆ ಒಗೆಯುವ ಕಲ್ಲಿನ ಬಳಿ ಇಬ್ಬರೂ ನಿಂತೆವು. ಮುಂಬಾಗಿಲ ಬೀಗ ತೆರೆದುಕೊಂಡಿತು. ಪೆಟ್ಟಿಗೆ ಬೀಪ್ ಬೀಪ್ ಎನ್ನತೊಡಗಿತು. ಊರುಗೋಲು ಊರುವ ಶಬ್ದ, ಆಮೇಲೆ ಕಾಲು ಎಳೆಯುವ ಶಬ್ದ, ಮತ್ತೆ ಊರುಗೋಲು. ಬಾಪ್ಪುವಿನ ತುಟಿಗಳು ಎಣಿಸುತ್ತಿದ್ದವು. ಹಾಲಿನ ನಡುವೆ ಶಬ್ದ ನಿಂತಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ, ಬಾಪ್ಪು ನನ್ನ ತೋಳು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ಊರುಗೋಲು ಮತ್ತೆ ಊರಿತು. ಆಮೇಲೆ ಗುಂಡಿಗಳ ನಾಲ್ಕು ಶಬ್ದ. ಬೀಪ್ ನಿಂತಿತು.

ತೋಟದಿಂದ ಈಗಷ್ಟೇ ಬಂದವರಂತೆ ನಾವು ಒಳಗೆ ಹೋದೆವು. ಆಂಟಿ ಗೋಡೆಗೆ ಒರಗಿ ನಿಂತಿದ್ದರು. ಹಣೆ ತುಂಬ ಬೆವರು, ಮುಖ ತುಂಬ ನಗು.

"ಇವತ್ತೂ ನಾನೇ ಗೆದ್ದದ್ದು," ಎಂದರು. "ಅದು ಬಾಯಿ ತೆರೆಯುವ ಮೊದಲೇ ಮುಟ್ಟಿದೆ."

"ನಿನ್ನಷ್ಟು ಚುರುಕು ಅದಕ್ಕೆ ಎಲ್ಲಿಂದ ಬರಬೇಕು," ಎಂದು ಹೇಳಿ ಬಾಪ್ಪು ಚಹಾಕ್ಕೆ ನೀರಿಡಲು ಒಳಗೆ ಹೋದರು.