ಕಾಗೆ ಎಡೆ ಮುಟ್ಟಿದ್ದಕ್ಕೆ ಸಾಕ್ಷಿ

ಸಣ್ಣತಾಯಮ್ಮನ ತಿಥಿಯ ದಿನ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯಿತು, ಕಾಗೆ ಬರುವುದೊಂದನ್ನು ಬಿಟ್ಟು.

ಮಗ ಪುಟ್ಟರಾಜು ಬೆಳಿಗ್ಗೆಯೇ ತಲೆ ಬೋಳಿಸಿಕೊಂಡು ಮಿಂದು, ಸಮಾಧಿಗೆ ಹಾಲು ಬಿಟ್ಟು ಬಂದಿದ್ದನು. ತಾಯಿಗೆ ಇಷ್ಟವಾದ ಒಬ್ಬಟ್ಟು, ವಡೆ, ಅನ್ನ, ಹುರುಳಿಕಾಳಿನ ಸಾರು ಎಲ್ಲವನ್ನೂ ಬಾಳೆಲೆಯಲ್ಲಿ ಬಡಿಸಿ, ತಾರಸಿಯ ಮೇಲೆ ಎಡೆ ಇಟ್ಟು ಕೈಮುಗಿದು ಕೆಳಗಿಳಿದನು. ಕಾಗೆ ಬಂದು ಎಡೆ ಮುಟ್ಟಿದ ಮೇಲೆಯೇ ನೆಂಟರು ಊಟಕ್ಕೆ ಕೂರಬೇಕು. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಕೊರಗು ಉಳಿದಿದೆ ಎಂದೇ ಅರ್ಥ.

ಹೊಳಲಿನ ಆ ಬೀದಿಯಲ್ಲಿ ಅಂದು ಒಂದು ಕಾಗೆಯೂ ಇರಲಿಲ್ಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪೆಂಡಾಲಿನ ಅಂಚಿನಲ್ಲಿ ನೆಂಟರೆಲ್ಲ ಬಾರದ ಬಸ್ಸನ್ನು ಕಾಯುವವರಂತೆ ಕತ್ತು ನೀಡಿ ನಿಂತಿದ್ದರು. ಒಳಗೆ ಸಾರು ಆರುತ್ತಿತ್ತು.

ಪುಟ್ಟರಾಜುವಿಗೆ ತಾಯಿಯನ್ನು ಬಿಟ್ಟರೆ ಯಾರೂ ಇರಲಿಲ್ಲ. ವಯಸ್ಸು ನಲವತ್ತರ ಹತ್ತಿರ ಬಂದರೂ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ಅವ್ವ ತನ್ನ ಮೇಲೆ ನೋವಿಟ್ಟುಕೊಂಡು ಹೋದಳೇ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು. ಒಂದು ಕಾಗೆ ಬಂದು ಒಂದಗುಳು ಮುಟ್ಟಿದರೆ ಅವನಿಗೆ ಸಾಕಾಗಿತ್ತು.

ಆತಗೂರಿನಿಂದ ಬಂದಿದ್ದ ಸೋದರಮಾವ ಅಂಕಯ್ಯ ಹೆಗಲ ಟವಲನ್ನು ಕೊಡವಿ ಮುಂದೆ ಬಂದನು.

"ನಮ್ಮಕ್ಕನ ಕೊರಗು ಏನೂಂತ ನಂಗೊತ್ತು ಕಣ್ಲಾ. ಮದ್ವೆ ಆಯ್ತೀನಿ ಅಂತ ಜೋರಾಗಿ ಏಳು. ಈಗ ಬತ್ತದೆ ನೋಡು."

"ಎಣ್ಣು ಕೊಡೋರ್ಯಾರು ಮಾವ?"

"ನೀನೇ ಕೊಟ್ಬುಡು ಅಂಕಯ್ಯ," ಎಂದಳು ಪಕ್ಕದ ಮನೆಯ ಮುದ್ದಮ್ಮ. "ದೀಪಿಕ ಇಲ್ವಾ? ನಿಮ್ಮಕ್ಕಂಗೂ ಅದೇ ಆಸೆ ಇತ್ತು."

ಅಂಕಯ್ಯನಿಗೆ ಒಮ್ಮೆಲೇ ಕೆಮ್ಮು ಬಂತು. ಮಂಡ್ಯದಲ್ಲಿ ಓದುತ್ತಿದ್ದ ಮಗಳು ದೀಪಿಕ ಮುಖ ತಿರುಗಿಸಿ ಮೊಬೈಲು ನೋಡತೊಡಗಿದಳು. ಕೆಮ್ಮು ನಿಲ್ಲುವ ಹೊತ್ತಿಗೆ ಅಕ್ಕನ ಕೊರಗು ಬದಲಾಗಿತ್ತು.

"ಮದ್ವೆ ಅಲ್ಲ ಕಣಮ್ಮ, ಆ ದರಿದ್ರ ಡ್ರೋನು! ಅದ್ರ ಸದ್ದಿಗೇ ಕಾಗೆಗಳು ಊರು ಬುಟ್ಟು ಓಗವೆ. ಅದ ಮಾರ್ಬುಡ್ತೀನಿ ಅಂತ ಏಳ್ಲಾ!"

ಡ್ರೋನಿನ ಮಾತು ಬಂದದ್ದೇ ತಡ, ಎಲ್ಲರಿಗೂ ಒಂದೊಂದು ದೂರು ನೆನಪಾಯಿತು. ಮದುವೆಗಳಲ್ಲಿ ಮೇಲಿನಿಂದ ಚಿತ್ರ ತೆಗೆಯುವ ಕೆಲಸ ಹಿಡಿದರೆ ತನಗೂ ನಾಲ್ಕು ಜನ ಮರ್ಯಾದೆ ಕೊಟ್ಟಾರು ಎಂದು ಪುಟ್ಟರಾಜು ಅದನ್ನು ತಂದಿದ್ದನು. ಕಲಿಯುವಾಗ ಅದು ಹುಣಸೆಮರದಲ್ಲಿ ಸಿಕ್ಕಿತ್ತು, ಮುದ್ದಮ್ಮನ ಹುಲ್ಲುಮೆದೆಗೆ ಹೊಕ್ಕಿತ್ತು, ಡೇರಿಯ ಮುಂದೆ ಹಾಲು ಹಾಕಲು ನಿಂತವರನ್ನೆಲ್ಲ ಕ್ಯಾನು ಬಿಟ್ಟು ಓಡುವಂತೆ ಮಾಡಿತ್ತು. ಅದರ ಮುಖ ತನ್ನ ಕಡೆ ತಿರುಗಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ ಎಂಬುದು ಅವನ ಕೈಗೆ ಇನ್ನೂ ಹತ್ತಿರಲಿಲ್ಲ.

ಮಾರುತ್ತೇನೆಂದು ಹೇಳಿದರೂ ಕಾಗೆ ಬರಲಿಲ್ಲ. ಮದುವೆಯಾಗುತ್ತೇನೆಂದು ಮೂರು ಸಲ ಕೂಗಿದರೂ ಬರಲಿಲ್ಲ.

"ನಿಮ್ಮವ್ವಂಗೂ ನಂಬ್ಕೆ ಇಲ್ಲ ಕಣ್ಲಾ," ಎಂದು ಹಿಂದಿನಿಂದ ಯಾರೋ ನಕ್ಕರು.

ಪುಟ್ಟರಾಜುವಿಗೆ ಅಳು ಬಂತು. ಅದನ್ನು ನುಂಗಿಕೊಂಡು ಹೇಳಿದನು: "ಮಾವ, ಡ್ರೋನು ಮ್ಯಾಕೆ ಆರುಸ್ತೀನಿ. ಕಾಗೆ ಎಲ್ಲವೆ ಅಂತಾನಾದ್ರೂ ಗೊತ್ತಾಗ್ಲಿ."

ಹಸಿದವರು ಯಾವುದಕ್ಕೂ ಒಪ್ಪುತ್ತಾರೆ. ಅಂಗಳದ ನಡುವೆ ಡ್ರೋನು ಇಟ್ಟು ಏರಿಸಿದನು. ರೆಕ್ಕೆಗಳ ಗಾಳಿಗೆ ಊಟಕ್ಕೆ ಹಾಸಿದ್ದ ಎಲೆಗಳೆಲ್ಲ ಎದ್ದವು. ಪೂಜೆಯ ತಟ್ಟೆಯ ವಿಭೂತಿ ಅಂಕಯ್ಯನ ಮುಖಕ್ಕೆ ಮೆತ್ತಿ, ಅವನು ನಿಂತಲ್ಲೇ ಸನ್ಯಾಸಿಯಂತೆ ಕಂಡನು. ಅವನ ಟವಲು ಹಾರಿ ಸಾರಿನ ಕೊಳಗಕ್ಕೆ ಬಿತ್ತು. ಡ್ರೋನು ತೆಂಗಿನಮರದ ಕಡೆಗೆ ನುಗ್ಗಿತು. ಜನ ಕೂಗಿದರು. ಪುಟ್ಟರಾಜು ಹೆದರಿ ಎರಡು ಕೈಯನ್ನೂ ಬಿಟ್ಟದ್ದೇ ಒಳ್ಳೆಯದಾಯಿತು. ಅದು ತಾನಾಗಿ ನಿಂತಿತು.

ಆಮೇಲೆ ಮೆಲ್ಲಗೆ ಬೀದಿ ದಾಟಿಸಿದನು. ರಿಮೋಟಿಗೆ ಸಿಕ್ಕಿಸಿದ್ದ ಮೊಬೈಲಿನಲ್ಲಿ ಹೆಂಚಿನ ಮನೆಗಳು, ಕಬ್ಬಿನ ಗದ್ದೆ, ನಾಲೆಯ ನೀರು ಹಾದುಹೋದವು. ಕೊನೆಗೆ ಅವನದೇ ಹೊಲದ ಪಂಪ್‌ಶೆಡ್ಡು ಕಾಣಿಸಿತು. ಅದರ ಶೀಟಿನ ಮೇಲೆ ಊರಿನ ಕಾಗೆಗಳೆಲ್ಲ ಸಾಲಾಗಿ, ಸದ್ದಿಲ್ಲದೆ ಕೂತಿದ್ದವು.

ಎಲ್ಲರೂ ಬಗ್ಗಿ ನೋಡಿದರು. ಮುದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ಮಗ, ನಿಮ್ಮವ್ವ ದಿನಾ ಮಧ್ಯಾನ ನಿಂಗೆ ಬುತ್ತಿ ತತ್ತಿದ್ಲಲ್ಲ. ನೀನು ಈ ಡ್ರೋನು ಆರುಸ್ಕೊಂಡು ಒತ್ತು ಮೀರಿ ಬತ್ತಿದ್ದೆ. ನೀನು ಬರೋಗಂಟ ಅಲ್ಲೇ ಕೂತು ತನ್ನ ಪಾಲಿನ ಅನ್ನ ಇವುಕ್ಕೆ ಇಕ್ತಿದ್ಲು. ನನ್ನ ಗದ್ದೆಯಿಂದ ನಂಗೆ ಕಾಣ್ತಿತ್ತು."

ಪುಟ್ಟರಾಜುವಿಗೆ ಇದು ತಿಳಿದಿರಲಿಲ್ಲ. ಅವಳು ಹೋದದ್ದು ಕಾಗೆಗಳಿಗೂ ತಿಳಿದಿರಲಿಲ್ಲ.

"ಎಡೆ ತಗೊಂಡು ಅಲ್ಲಿಗೇ ಓಗ್ಲಾ," ಎಂದನು ಅಂಕಯ್ಯ ವಿಭೂತಿ ಒರೆಸುತ್ತ. ಅವನ ದನಿ ಮೆತ್ತಗಾಗಿತ್ತು. "ಈ ಬಿಸ್ಲಲ್ಲಿ ನಾವು ಬರಾಕಾಗಾಕಿಲ್ಲ. ಮುಟ್ಟಿದ್ದ ಚಿತ್ರ ಇಡ್ಕೊಂಡು ಬಾ. ಕಣ್ಣಾರೆ ನೋಡಿ ಊಟಕ್ಕೆ ಕೂರ್ತೀವಿ."

ಒಂದು ಕೈಯಲ್ಲಿ ಎಡೆ, ಒಂದು ಕೈಯಲ್ಲಿ ರಿಮೋಟು ಹಿಡಿದು ಪುಟ್ಟರಾಜು ಬರಿಗಾಲಲ್ಲಿ ಓಡಿದನು. ಡ್ರೋನು ಶೆಡ್ಡಿನ ಮೇಲೆ ಎತ್ತರದಲ್ಲಿ ಗುಂಯ್ಗುಡುತ್ತ ನಿಂತೇ ಇತ್ತು. ಎಡೆಯನ್ನು ನೆಲಕ್ಕಿಟ್ಟು, ವಿಡಿಯೊ ತೆಗೆಯುವ ಗುಂಡಿ ಒತ್ತಿ, ಹಿಂದೆ ಸರಿದನು.

"ತಿನ್ನವ್ವ," ಎಂದನು.

ಮೊದಲು ಒಂದು ಕಾಗೆ ಇಳಿಯಿತು. ಅನ್ನ ಮುಟ್ಟಿತು. ಅವನನ್ನೊಮ್ಮೆ ಓರೆಯಾಗಿ ನೋಡಿ, ತನ್ನವರನ್ನು ಕೂಗಿತು. ಆಮೇಲೆ ಎಲ್ಲವೂ ಇಳಿದವು. ಒಬ್ಬಟ್ಟು ಹೋಯಿತು, ವಡೆ ಹೋಯಿತು. ಮಗನ ಕಾಲ ಬಳಿಯೇ ಕುಪ್ಪಳಿಸಿ, ತಿಂದು, ಒಂದೊಂದಾಗಿ ಎದ್ದು ಹೋದವು. ಪುಟ್ಟರಾಜು ಗುಂಡಿ ಒತ್ತಿ ಚಿತ್ರ ಮುಗಿಸಿದನು. ರಿಮೋಟನ್ನು ಪಕ್ಕಕ್ಕಿಟ್ಟು, ಕಣ್ಣುಮುಚ್ಚಿ, ಎರಡು ಕೈಯನ್ನೂ ಮುಗಿದನು. ಅವ್ವ ಹೋದಂದಿನಿಂದ ತಡೆದಿದ್ದ ಅಳು ಆಗ ಬಂತು. ಎಷ್ಟು ಹೊತ್ತು ಹಾಗೆ ನಿಂತನೋ, ರಿಮೋಟು ಪೀಪೀ ಎಂದಾಗ ಎಚ್ಚರವಾಯಿತು. ಬ್ಯಾಟರಿ ಮುಗಿಯುತ್ತ ಬಂದ ಡ್ರೋನು ಏರಿಸಿದ ಜಾಗಕ್ಕೆ ತಾನಾಗಿ ಹೊರಟಿತ್ತು.

ಅವನು ಬರುವಷ್ಟರಲ್ಲಿ ಅದು ಅಂಗಳದಲ್ಲಿ ಇಳಿದು ಕೂತಿತ್ತು.

"ಮುಟ್ಟಿದ್ವು ಮಾವ! ನನ್ನ ಕಾಲತ್ರನೇ ಬಂದು ತಿಂದ್ವು!"

ದೀಪಿಕ ಚಿತ್ರ ಹಾಕಿದಳು. ಅಂಗಳ ಕಂಡಿತು, ಬೂದಿ ಮೆತ್ತಿದ ಅಂಕಯ್ಯ ಕಂಡನು, ಕಾಗೆಗಳ ಸಾಲು ಕಂಡಿತು, ಎಡೆ ಹೊತ್ತು ಓಡಿಬರುವ ಬೋಳುತಲೆ ಕಂಡಿತು. ಅಲ್ಲಿಗೆ ನಿಂತಿತು.

"ಇನ್ನೊಂದದೆ ನೋಡವ್ವ," ಎಂದನು ಪುಟ್ಟರಾಜು.

ಇನ್ನೊಂದನ್ನು ಹಾಕಿದಳು. ಒಂದು ಕಾಗೆಯೂ ಇರಲಿಲ್ಲ. ಕೆಂದು ಬಣ್ಣದ ಬೀದಿನಾಯಿಯೊಂದು ಬಾಲವಾಡಿಸುತ್ತ ಎಡೆಯ ಎಲೆಯನ್ನು ನೆಕ್ಕುತ್ತಿತ್ತು. ಅದರ ಮುಂದೆ ಪುಟ್ಟರಾಜು ಕಣ್ಣುಮುಚ್ಚಿ, ಕೈಮುಗಿದು, ಭುಜ ಕುಲುಕಿಸಿಕೊಂಡು ಅಳುತ್ತಿದ್ದನು. ನಾಯಿ ಎಲೆಯನ್ನು ಮಗುಚಿ ಹಾಕಿ ನೆಕ್ಕಿ ಹೋಗುವವರೆಗೂ ಅವನು ಹಾಗೆಯೇ ನಿಂತಿದ್ದನು.

"ಬಾವ," ಎಂದಳು ದೀಪಿಕ ಮೆಲ್ಲಗೆ, "ಗುಂಡಿ ಒಂದ್ಸಲ ಒತ್ತಿದ್ರೆ ಶುರುವಾಗ್ತದೆ, ಇನ್ನೊಂದ್ಸಲ ಒತ್ತಿದ್ರೆ ನಿಲ್ತದೆ. ಗಾಬ್ರೀಲಿ ಇಲ್ಲಿಂದ ಏರ್ಸೋವಾಗ್ಲೇ ಒತ್ತಿದ್ದೀರ. ಅಲ್ಲೋಗಿ ಶುರು ಮಾಡ್ದೆ ಅಂದ್ಕೊಂಡು ನಿಲ್ಸಿದ್ದೀರ. ಮುಗೀತು ಅಂದ್ಕೊಂಡು ಶುರು ಮಾಡಿದ್ದೀರ."

"ಅದ್ಕೂ ಮುಂಚೆ ಕಾಗೆ ತಿಂದ್ವು ಮಾವ, ಅವ್ವನ ಆಣೆಗೂ!"

"ಸಾಕು ಸುಮ್ಕಿರ್ಲಾ," ಎಂದನು ಅಂಕಯ್ಯ. "ನಮ್ಮಕ್ಕನ ಎಡೆ ನಾಯಿಗಿಕ್ಕಿ, ಕೈ ಬೇರೆ ಮುಗ್ದಿದ್ದೀಯಲ್ಲೋ!"

ಕಾಗೆ ಮುಟ್ಟದ ಎಡೆಗೆ ಹಸುವೇ ಗತಿ ಎಂದು ತೀರ್ಮಾನವಾಯಿತು. ಇನ್ನೊಂದು ಎಲೆ ಬಡಿಸಿ ಹಸುವಿಗೆ ತಿನ್ನಿಸಿದರು. ಸಣ್ಣತಾಯಮ್ಮ ಕೊರಗಿಕೊಂಡೇ ಹೋದಳೆಂಬುದು ಊರಿಗೆ ಖಚಿತವಾಯಿತು. ನೆಂಟರು ಸಾಲಾಗಿ ಊಟಕ್ಕೆ ಕೂತರು.

ಬಡಿಸುತ್ತ ಬಂದ ಪುಟ್ಟರಾಜು ಮುದ್ದಮ್ಮನ ಎಲೆಯ ಮುಂದೆ ಬಗ್ಗಿದನು.

"ನಿಜವಾಗ್ಲೂ ತಿಂದ್ವು ಕಣವ್ವ."

ಮುದ್ದಮ್ಮ ತುತ್ತು ನುಂಗಿ, ಅವನ ಬೋಳುತಲೆಯನ್ನೊಮ್ಮೆ ಎಡಗೈಯಿಂದ ಸವರಿದಳು.

"ತಿಂದ್ವು ಅಂತ ನೀನಂದ್ರೆ ತಿಂದ್ವು ಬುಡು ಮಗ. ಇನ್ನೊಂಚೂರು ಸಾರು ಬುಡು."

ಪುಟ್ಟರಾಜು ಸಾರು ಬಿಟ್ಟು, ಮುಂದಿನ ಎಲೆಗೆ ಹೋದನು.