ಹನ್ನೊಂದನೆಯ ಬಿಡಿಭಾಗ

ಸೊಂಟಮಗ್ಗಕ್ಕೆ ಒಟ್ಟು ಹನ್ನೊಂದು ಬಿಡಿಭಾಗಗಳಿವೆ. ಮೊದಲ ಹತ್ತು ಕೋಲು, ಹಗ್ಗ ಮತ್ತು ಪಟ್ಟಿಗಳು. ಹನ್ನೊಂದನೆಯದು ಫೆಲಿಸಿಯಾನಾ ಚುಮಿಲ್, ವಯಸ್ಸು ನಲವತ್ತಾರು, ಪಚಾಹ್ ಗ್ರಾಮ. ಇದು ಯಾರ ಅಭಿಪ್ರಾಯವೂ ಅಲ್ಲ. ನ್ಯಾಯಯುತ ವ್ಯಾಪಾರ ಪ್ರಮಾಣಪತ್ರ ಮಂಡಳಿಯ ಯಂತ್ರೋಪಕರಣ ನಮೂನೆಯಲ್ಲಿ ನೀಲಿ ಶಾಯಿಯಲ್ಲಿ ದಾಖಲಾಗಿ, ಮೊಹರು ಬಿದ್ದಿರುವ ಸಂಗತಿ.

ಮಂಡಳಿ ಇರುವುದು ಸಮುದ್ರದಾಚೆ, ಒಂದು ಚಳಿ ದೇಶದಲ್ಲಿ. ಪಚಾಹ್‌ನ ಮಹಿಳಾ ನೇಯ್ಗೆ ಸಹಕಾರ ಸಂಘದ ಚೀಲಗಳು ಅಲ್ಲಿಯ ಅಂಗಡಿಗಳಿಗೆ ಹೋಗುತ್ತವೆ. ಚೀಲದ ಮೇಲೆ ಮಂಡಳಿಯ ಮುದ್ರೆ ಇದ್ದರೆ ಅದನ್ನು ನೇಯ್ದವಳಿಗೆ ಅನ್ಯಾಯವಾಗಿಲ್ಲ ಎಂದು ಅರ್ಥ. ಮುದ್ರೆ ಇಲ್ಲದಿದ್ದರೆ ಅನ್ಯಾಯವಾಗಿದೆ ಎಂದೇನಲ್ಲ, ಆದರೆ ಕೊಳ್ಳುವವರಿಗೆ ನೆಮ್ಮದಿ ಇರುವುದಿಲ್ಲ. ಅವರ ನೆಮ್ಮದಿಗಾಗಿ ಮೂರು ವರ್ಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ.

ಈ ಸಲ ರಾಜಧಾನಿಯಿಂದ ಬಂದ ತಪಾಸಣಾಧಿಕಾರಿಯ ಹೆಸರು ಓಬ್ದುಲಿಯೋ ಪಾಯಿಸ್. ಊರು ಅವರನ್ನು ಲಿಸೆನ್ಸಿಯಾದೋ, ಅಂದರೆ ಪದವೀಧರ, ಎಂದು ಕರೆಯಿತು. ಇಸ್ತ್ರಿ ಅಂಗಿ ಹಾಕಿ ಬಂದವರನ್ನೆಲ್ಲ ಅದು ಹಾಗೆಯೇ ಕರೆಯುತ್ತದೆ. ಅವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ನಮೂನೆಯ ಒಂದು ಅಂಕಣವನ್ನೂ ಖಾಲಿ ಬಿಡಲು ಮಾತ್ರ ಅವರಿಂದ ಆಗುತ್ತಿರಲಿಲ್ಲ.

ಮಾದರಿ ತಪಾಸಣೆಗೆ ಚೀಟಿಯಲ್ಲಿ ಬಂದದ್ದು ಫೆಲಿಸಿಯಾನಾಳ ಮಗ್ಗ. ಅವಳ ಗಮನ ಆ ದಿನ ತಪಾಸಣೆಯ ಮೇಲಿರಲಿಲ್ಲ. ಮಗಳು ಎಲ್ವೀರಾಗೆ ಮುಂದಿನ ತಿಂಗಳ ಕೊನೆಗೆ ಶೇಲಾ ಪಟ್ಟಣದಲ್ಲಿ ಚೊಚ್ಚಲ ಹೆರಿಗೆ. ಬಾಣಂತಿಯನ್ನು ಇಪ್ಪತ್ತು ದಿನ ಉಗಿಮನೆಯ ಬಿಸಿ ಹಬೆಯಲ್ಲಿ ಕೂರಿಸಿ, ಸೊಪ್ಪಿನ ಕಟ್ಟಿನಿಂದ ಮೈ ಬಡಿದು, ಹೊಟ್ಟೆಗೆ ಬಟ್ಟೆ ಬಿಗಿಯುವುದು ತಾಯಿಯ ಕೆಲಸ. ಎಲ್ವೀರಾಳ ಅತ್ತೆ ಪೇಟೆಯವಳು, ಗೋಡೆಯ ಶವರೇ ಸಾಕು ಎನ್ನುವವಳು. ತಾನು ಹೋಗದಿದ್ದರೆ ಮಗಳನ್ನು ಆ ಬಿಸಿಯೂ ಅಲ್ಲದ ತಣ್ಣಗೂ ಅಲ್ಲದ ನೀರಿನ ಕೆಳಗೆ ನಿಲ್ಲಿಸುತ್ತಾರೆ ಎಂಬುದು ಫೆಲಿಸಿಯಾನಾಗೆ ಖಚಿತವಿತ್ತು.

ಮಗ್ಗದ ಒಂದು ತುದಿ ಅಂಗಳದ ಬೆಣ್ಣೆಹಣ್ಣಿನ ಮರಕ್ಕೆ, ಇನ್ನೊಂದು ತುದಿ ಅವಳ ಸೊಂಟದ ಪಟ್ಟಿಗೆ ಕಟ್ಟಿತ್ತು. ಅವಳು ಮಂಡಿಯೂರಿ ಕೂತು ನೇಯುತ್ತಿದ್ದಳು. ಲಿಸೆನ್ಸಿಯಾದೋ ಭಾಗಗಳನ್ನು ಒಂದೊಂದಾಗಿ ಬರೆದುಕೊಂಡರು. ಹತ್ತಕ್ಕೆ ಬಂದಾಗ ಹಾಸಿನ ಎಳೆಗಳು ಬಿಗಿಯಾಗುವುದು ಯಾವುದರಿಂದ ಎಂದು ಕೇಳಿದರು. ಅವಳು ಹಿಂದಕ್ಕೆ ವಾಲಿ ತೋರಿಸಿದಳು. ಎಳೆಗಳು ಬಿಗಿದುಕೊಂಡವು. ಏಳಲು ಹೇಳಿದರು. ಅವಳು ಪಟ್ಟಿ ಕಳಚಿ ಎದ್ದಳು. ಮಗ್ಗ ನೆಲಕ್ಕೆ ಬಿದ್ದು ಸೌದೆಯ ಕಟ್ಟಾಯಿತು. ಕೂರಲು ಹೇಳಿದರು. ಮತ್ತೆ ಮಗ್ಗವಾಯಿತು. ಇದನ್ನು ಮೂರು ಸಲ ಮಾಡಿಸಿದರು. ಮೂರು ಸಲವೂ ಫಲಿತಾಂಶ ಒಂದೇ.

ನಂತರ ಮರವನ್ನು ಪರೀಕ್ಷಿಸಿದರು. ಮಗ್ಗದ ತುದಿಯನ್ನು ಜಗಲಿಯ ಕಂಬಕ್ಕೆ ಕಟ್ಟಿಸಿದಾಗಲೂ ನೇಯ್ಗೆ ನಡೆಯಿತು. ಮರ ಪಾರಾಯಿತು.

ನಿಯಮ ಹದಿನಾಲ್ಕು ಹೀಗಿದೆ: ‘ಯಾವ ಭಾಗವನ್ನು ತೆಗೆದರೆ ಯಂತ್ರವು ಯಂತ್ರವಾಗಿ ಉಳಿಯುವುದಿಲ್ಲವೋ ಆ ಭಾಗವನ್ನು ಯಂತ್ರದ ಅಂಗವೆಂದು ಪರಿಗಣಿಸತಕ್ಕದ್ದು.’ ಲಿಸೆನ್ಸಿಯಾದೋ ಅದನ್ನು ಎರಡು ಸಲ ಓದಿಕೊಂಡು, ನಿಟ್ಟುಸಿರು ಬಿಟ್ಟು, ಬರೆದರು. ತಯಾರಾದ ವರ್ಷ ಕೇಳಿದರು. ತಯಾರಕರ ಹೆಸರು ಕೇಳಿದರು. ಅವಳು ತನ್ನ ತಾಯಿಯ ಹೆಸರು ಹೇಳಿದಳು. ಬಿಡಿಭಾಗಕ್ಕೆ ಲೋಹದ ಸಂಖ್ಯಾಫಲಕವನ್ನು ಮೊಳೆ ಹೊಡೆದು ಕೂರಿಸಬೇಕೆಂದು ನಿಯಮ. ಅವರು ಸಭ್ಯರಾದ್ದರಿಂದ ಅವಳ ನಡುಕಟ್ಟಿಗೆ ಚೀಟಿ ಅಂಟಿಸಿದರು.

ಸಂಘದ ಅಧ್ಯಕ್ಷೆ ಕಾಂದೆಲಾರಿಯಾ ತುಯ್ ಕಾಗದ ಓದಿ ಮೂಲೆಯತ್ತ ನೋಡಿದಳು. ಮುನ್ನೂರು ಚೀಲಗಳು ಗಂಟು ಕಟ್ಟಿ ಮುದ್ರೆಗೆ ಕಾಯುತ್ತಿದ್ದವು. ಅವಳು ಸಹಿ ಹಾಕಿದಳು.

ಆಮೇಲೆ ಒಂದು ಸಣ್ಣ ತೊಡಕು ಕಂಡಿತು. ಒಂದೇ ಹೆಸರು ಯಂತ್ರದ ಪಟ್ಟಿಯಲ್ಲೂ ನೇಕಾರರ ಪಟ್ಟಿಯಲ್ಲೂ ಇರುವಂತಿಲ್ಲ. ಫೆಲಿಸಿಯಾನಾ ಯಂತ್ರವಾದರೆ ಅದನ್ನು ನಡೆಸುವವರು ಬೇಕು. ಗಂಡನ ಹೆಸರು ಕೊಡೋಣವೆಂದರೆ ಮಹಿಳಾ ಸಂಘದಲ್ಲಿ ಗಂಡಸರಿಗೆ ಅವಕಾಶವಿಲ್ಲ. ಮನೆಯಲ್ಲಿದ್ದ ಇನ್ನೊಬ್ಬ ಹೆಂಗಸು ಅವಳ ಅತ್ತೆ ದೊಮಿಂಗಾ, ಎಂಬತ್ತೊಂದು ವರ್ಷ, ಎರಡೂ ಕಣ್ಣಿಗೆ ಪೊರೆ. ‘ಯಂತ್ರಚಾಲಕಿ’ ಎಂಬ ಅಂಕಣದ ಕೆಳಗೆ ಮುದುಕಿ ಹೆಬ್ಬೆಟ್ಟು ಒತ್ತಿದಳು.

"ಇಪ್ಪತ್ತೇಳು ವರ್ಷದಿಂದ ಇವಳನ್ನ ನಾನೇ ನಡೆಸ್ತಿರೋದು," ಅಂದಳು. "ಕಾಗದ ಈಗ ಬಂತು ನೋಡು."

"ಅತ್ತೆ, ನೀವು ನಡೆಸಿದ್ದು ಬಾಯಿ ಒಂದನ್ನೇ," ಅಂದಳು ಫೆಲಿಸಿಯಾನಾ.

"ಯಂತ್ರ ಮಾತಾಡಬಾರದು ಕಣೇ. ಕೀರಲು ಅಂತ ಬರ್ಕೋತಾರೆ."

ಯಂತ್ರವಾದ ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಚಾವಣಿ ಬಂತು. ಅಂಗಳದಲ್ಲಿ ಬಿಸಿಲಿಗೂ ಮಳೆಗೂ ಕೂತು ನೇಯುವ ಹೆಂಗಸರಿಗೆ ಚಾವಣಿ ಹಾಕಿಸಿಕೊಡಿ ಎಂದು ಸಂಘ ಏಳು ವರ್ಷಗಳಿಂದ ಅರ್ಜಿ ಬರೆಯುತ್ತಿತ್ತು. ಕೆಲಸಗಾರರ ವಸತಿ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ಮಂಡಳಿ ಏಳು ಸಲ ಉತ್ತರಿಸಿತ್ತು. ಯಂತ್ರವನ್ನು ಮಾತ್ರ ಮಳೆಯಲ್ಲಿ ಬಿಡುವಂತಿಲ್ಲ. ತಗಡು, ತೊಲೆ, ಸಿಮೆಂಟಿನ ನೆಲ ಎಲ್ಲವೂ ಹತ್ತು ದಿನದಲ್ಲಿ ಮುಗಿದವು. ಎರಡು ಗಂಟೆ ಓಡಿದ ಯಂತ್ರವನ್ನು ಕಾಲು ಗಂಟೆ ತಣಿಸತಕ್ಕದ್ದು ಎಂಬ ಸೂಚನೆಯನ್ನು ಕಂಬಕ್ಕೆ ಅಂಟಿಸಿದರು. ವಾರ್ಷಿಕ ನಿರ್ವಹಣೆಗೆ ಮೆಕ್ಯಾನಿಕ್ ಬಂದ. ಅವಳನ್ನು ಒಂದು ಸುತ್ತು ನೋಡಿ, ಇದು ತನ್ನ ಕೈಲಾಗುವುದಲ್ಲ ಎಂದು ಬರೆದುಕೊಟ್ಟು, ವೈದ್ಯರನ್ನು ಕಳಿಸಿದ. ವೈದ್ಯರು ಬೆನ್ನು ಒತ್ತಿ ನೋಡಿದರು, ಮುಲಾಮು ಕೊಟ್ಟರು, ಕನ್ನಡಕ ಬರೆದರು. ಕನ್ನಡಕ ‘ಹೆಚ್ಚುವರಿ ಜೋಡಣೆ’ ಎಂಬ ತಲೆಬರಹದಡಿ ಮಂಜೂರಾಯಿತು. ಅಕ್ಕಪಕ್ಕದ ಹೆಂಗಸರು ತಣಿಸುವ ಹೊತ್ತಿಗೆ ಸರಿಯಾಗಿ ಬಂದು, ಚಾವಣಿಯ ಅಂಚಿನಲ್ಲಿ ನಿಂತು ನೋಡಿ ಹೋಗತೊಡಗಿದರು.

ಫೆಲಿಸಿಯಾನಾ ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ಗೋಡೆಯ ಕ್ಯಾಲೆಂಡರನ್ನು. ಹೆರಿಗೆಗೆ ಹದಿನೆಂಟು ದಿನ ಉಳಿದಿತ್ತು. ಹೊರಡುತ್ತೇನೆ ಎಂದು ಹೇಳಲು ಅವಳು ಕಾಂದೆಲಾರಿಯಾಳ ಹತ್ತಿರ ಹೋದಳು.

ಕಾಂದೆಲಾರಿಯಾ ನಿಯಮಾವಳಿ ತೆಗೆದಳು. ನೋಂದಾಯಿತ ಯಂತ್ರವನ್ನು ಮೂರು ಕಾರಣಕ್ಕಲ್ಲದೆ ಸ್ಥಳದಿಂದ ಕದಲಿಸುವಂತಿಲ್ಲ: ಮಾರಾಟ, ಗುಜರಿ, ದುರಸ್ತಿ. ಮೀರಿದರೆ ಸಂಘದ ಮುದ್ರೆ ರದ್ದು. ಸಭೆ ಕರೆದರು. ಮಾರಾಟವನ್ನು ಯಾರೂ ಅನುಮೋದಿಸಲಿಲ್ಲ. ಗುಜರಿಗೆ ಒಂದು ಮತ ಬಿತ್ತು. ಅದು ಯಾರದೆಂದು ಫೆಲಿಸಿಯಾನಾಗೆ ಗೊತ್ತಿತ್ತು, ಮುದುಕಿ ಕೈ ಇಳಿಸಿರಲೇ ಇಲ್ಲ. ಕೊನೆಗೆ ದುರಸ್ತಿ ಎಂದು ಅರ್ಜಿ ಹೋಯಿತು.

ದೋಷವೇನು ಎಂದು ಮಂಡಳಿ ಕೇಳಿತು. ಸಂಘ ದೋಷವನ್ನು ಹುಡುಕಬೇಕಾಗಿ ಬರಲಿಲ್ಲ. ಮಗಳ ಯೋಚನೆಯಲ್ಲಿ ಫೆಲಿಸಿಯಾನಾ ಆ ವಾರ ನೇಯ್ದ ಹಕ್ಕಿಗಳಿಗೆಲ್ಲ ಒಂದೇ ಕಾಲು ಬಂದಿತ್ತು. ಕಾಂದೆಲಾರಿಯಾ ಫೋಟೋ ತೆಗೆದು ಕಳಿಸಿದಳು. ಮಂಡಳಿ ದೋಷವನ್ನು ಒಪ್ಪಿಕೊಂಡು, ಮಾನ್ಯತೆ ಪಡೆದ ಮೂರು ದುರಸ್ತಿ ಕೇಂದ್ರಗಳಿಂದ ದರಪಟ್ಟಿ ತರಿಸಲು ತಿಳಿಸಿತು. ಶೇಲಾದಲ್ಲಿ ಎಲ್ವೀರಾಳನ್ನು ನೋಡಿಕೊಳ್ಳುತ್ತಿದ್ದ ಸೂಲಗಿತ್ತಿ ಒಂದು ದರಪಟ್ಟಿ ಕೊಟ್ಟಳು. ಉಳಿದೆರಡಕ್ಕೆ ಹುಡುಕಾಟ ನಡೆದಿರುವಾಗಲೇ, ಎಣಿಸಿದ್ದಕ್ಕಿಂತ ಹತ್ತು ದಿನ ಮುಂಚೆ, ಒಂದು ಬುಧವಾರ ಬೆಳಿಗ್ಗೆ ಎಲ್ವೀರಾಳ ಫೋನ್ ಬಂತು.

"ಅಮ್ಮಾ, ಶುರುವಾಯ್ತು. ಎಲ್ಲಿದೀಯಾ?"

"ಪಟ್ಟಿಯಲ್ಲಿ," ಅಂದಳು ಫೆಲಿಸಿಯಾನಾ, ಮತ್ತು ಸೊಂಟದಿಂದ ಪಟ್ಟಿ ಕಳಚತೊಡಗಿದಳು.

ಕಾಂದೆಲಾರಿಯಾ ಓಡಿ ಬಂದಳು. ಹೋಗಬೇಡವೆನ್ನಲು ಅವಳಿಗೆ ಬಾಯಿ ಬರಲಿಲ್ಲ, ಹೋಗು ಎನ್ನಲು ನಲವತ್ತು ಮನೆಗಳ ಚೀಲಗಳು ಅಡ್ಡ ಬಂದವು. ಆಗ ದೊಮಿಂಗಾ ಜಗಲಿಯಿಂದ ಮಾತಾಡಿದಳು. ಚಾಲಕಿಯಾದ ಮೇಲೆ ಅವಳು ದಿನಕ್ಕೊಂದು ಪುಟದಂತೆ ನಿಯಮಾವಳಿಯನ್ನು ಓದಿಸಿ ಕೇಳುತ್ತಿದ್ದಳು. ಅಷ್ಟು ನಗು ಬರಿಸುವುದು ರೇಡಿಯೋದಲ್ಲೂ ಇಲ್ಲವೆಂದು ಅವಳ ಅಭಿಪ್ರಾಯ.

"ಮೂವತ್ತೊಂದು," ಅಂದಳು. "ಚಾಲಕಿ ಊರಿಗೆ ಹೋಗುವಾಗ ಕೈಯಲ್ಲಿ ಒಯ್ಯಬಹುದಾದ ಯಂತ್ರ ಜೊತೆಗೊಯ್ಯಬಹುದು. ಅಪ್ಪಣೆ ಬೇಡ. ನನ್ನ ಹೊದಿಕೆ ಕೊಡ್ರೇ, ನಾನು ಶೇಲಾಗೆ ಹೊರಟೆ."

ಬಸ್ಸಿನಲ್ಲಿ ನರೆತ ಮೀಸೆಯ ಕಂಡಕ್ಟರ್ ದೊಮಿಂಗಾ ತೋರಿಸಿದ ಯಂತ್ರದ ಕಾಗದವನ್ನು ಪೂರ್ತಿ ಓದಿದ. ಯಂತ್ರ ಎಂದರೆ ಸರಕು, ಸರಕು ಬಸ್ಸಿನ ಮೇಲೆ, ಈರುಳ್ಳಿ ಮೂಟೆಗಳ ಪಕ್ಕ ಜಾಗವಿದೆ ಎಂದ. ಇದು ನಾಜೂಕು ಯಂತ್ರ, ಗಾಳಿ ತಗುಲಿದರೆ ಕೆಡುತ್ತದೆ ಎಂದಳು ದೊಮಿಂಗಾ.

"ಹಂಗಿದ್ರೆ ತೊಡೆ ಮೇಲೆ ಇಟ್ಕೊಳ್ಳಿ ಅಜ್ಜಿ. ಒಂದು ಟಿಕೆಟ್ಟಿಗೆ ಒಂದೇ ಸೀಟು."

"ಎಂಬತ್ತೊಂದು ವರ್ಷದ ತೊಡೆ ಕಣಪ್ಪ ಇದು. ಯಂತ್ರದ ತೊಡೆ ಮೇಲೆ ನಾನೇ ಕೂತ್ಕೋತೀನಿ."

ಕಂಡಕ್ಟರ್‌ಗೆ ಇದರಲ್ಲಿ ಲೋಪ ಕಾಣಲಿಲ್ಲ. ಯಂತ್ರಚಾಲಕಿ ಯಂತ್ರದ ಮೇಲೆ ಕೂತು ಮೂರು ಗಂಟೆ ಪ್ರಯಾಣ ಮಾಡಿದಳು. ತಿರುವುಗಳಲ್ಲಿ ಫೆಲಿಸಿಯಾನಾ ಅತ್ತೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಮದುವೆಯಾದ ಮೇಲೆ ಅವರಿಬ್ಬರು ಇಷ್ಟು ಹತ್ತಿರ ಕೂತದ್ದು ಅದೇ ಮೊದಲು. ಮುದುಕಿ ಹಕ್ಕಿಯಷ್ಟೇ ಹಗುರವಾಗಿದ್ದಳು. ಅದನ್ನು ಯಾರಿಗೂ ಹೇಳುವ ಅಗತ್ಯ ಫೆಲಿಸಿಯಾನಾಗೆ ಕಾಣಲಿಲ್ಲ.

ಅವರು ಎಲ್ವೀರಾಳ ಮನೆಯ ಬಾಗಿಲು ದಾಟಿದ ಅರ್ಧ ಗಂಟೆಗೆ ಮಗು ಹುಟ್ಟಿತು. ಹೆಣ್ಣು. ಸೂಲಗಿತ್ತಿಯ ಹಿತ್ತಲಿನಲ್ಲಿದ್ದ, ಬಗ್ಗಿ ಒಳಹೋಗಬೇಕಾದ, ಕಿಟಕಿಯಿಲ್ಲದ ಮಣ್ಣಿನ ಉಗಿಮನೆಯಲ್ಲಿ ಫೆಲಿಸಿಯಾನಾ ಇಪ್ಪತ್ತು ದಿನ ಬೆಂಕಿ ಹಾಕಿದಳು. ಪೇಟೆಯ ಬೀಗಿತ್ತಿ ಶವರ್ ಬಗ್ಗೆ ಮಾತೆತ್ತಿದಾಗಲೆಲ್ಲ ದೊಮಿಂಗಾ ನಿಯಮ ಹೇಳಿ ಬಾಯಿ ಮುಚ್ಚಿಸಿದಳು. ಹಾಗೆ ಹೇಳಿದ ನಿಯಮಗಳಲ್ಲಿ ಕೆಲವು ನಿಯಮಾವಳಿಯಲ್ಲಿಯೂ ಇದ್ದವು.

ಊರಿಗೆ ಮರಳಿದ ಮೇಲೆ ಸೂಲಗಿತ್ತಿಯ ಪ್ರಮಾಣಪತ್ರ ಮಂಡಳಿಗೆ ಹೋಯಿತು: ‘ಮೇಲ್ಕಂಡ ಯಂತ್ರ ಇಪ್ಪತ್ತು ದಿನ ಇಲ್ಲಿ ತನ್ನ ಮಗಳ ಮನೆಯಲ್ಲಿತ್ತು. ಮೊದಲ ಎರಡು ದಿನ ಅತ್ತಿತು. ಈಗ ಸರಿ ಇದೆ.’ ಜೊತೆಗೆ ಎರಡು ಕಾಲಿನ ಹಕ್ಕಿಯ ಫೋಟೋ. ಮಂಡಳಿಯ ತಾಂತ್ರಿಕ ವಿಭಾಗ ದುರಸ್ತಿಗೆ ಮುಂಚಿನ ಮತ್ತು ನಂತರದ ನೇಯ್ಗೆಯನ್ನು ಹೋಲಿಸಿ ನೋಡಿ ಬೆರಗಾಯಿತು. ತತ್ಸಂಬಂಧ ಸುತ್ತೋಲೆ ಹೊರಟಿತು:

‘ಪ್ರತಿಯೊಂದು ಸೊಂಟಮಗ್ಗವನ್ನು ವರ್ಷಕ್ಕೆ ಇಪ್ಪತ್ತು ದಿನ ಅದರ ಮಗಳ ಮನೆಯಲ್ಲಿ ಇರಿಸತಕ್ಕದ್ದು. ಮಗಳಿಲ್ಲದ ಮಗ್ಗಗಳಿಗೆ ಸಂಘವು ಸೂಕ್ತ ಮಗಳನ್ನು ಒದಗಿಸತಕ್ಕದ್ದು.’

ಸುತ್ತೋಲೆ ಸಂಘದ ಬಾಗಿಲಿಗೆ ಅಂಟಿದ ದಿನ ಮಧ್ಯಾಹ್ನದೊಳಗೆ ಮೂವತ್ತೊಂಬತ್ತು ಹೆಂಗಸರು ಯಂತ್ರವಾಗಲು ಅರ್ಜಿ ಕೊಟ್ಟರು. ಕಾಂದೆಲಾರಿಯಾ ಒಬ್ಬಳೇ ಮನುಷ್ಯಳಾಗಿ ಉಳಿದಳು, ಸಹಿ ಹಾಕಲು ಯಾರಾದರೂ ಬೇಕಾಗಿದ್ದರಿಂದ. ಊರಿನ ಅತ್ತೆಯಂದಿರೆಲ್ಲ ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಬಿಸಿಲಲ್ಲಿ ಸಾಲು ನಿಂತರು.

ಎಂಟು ತಿಂಗಳ ನಂತರ ಲಿಸೆನ್ಸಿಯಾದೋ ಮತ್ತೆ ಬಂದರು. ಚಳಿ ದೇಶದಲ್ಲಿ ಯಾರೋ ಒಬ್ಬ ಗುಮಾಸ್ತ ನಲವತ್ತು ಮಗ್ಗಗಳಿಗೆ ಕನ್ನಡಕ ಮಂಜೂರಾಗಿರುವುದನ್ನು ಗಮನಿಸಿ ಪ್ರಶ್ನೆ ಎತ್ತಿದ್ದ. ಅವರ ಕೈಯಲ್ಲಿ ನಲವತ್ತು ತಿದ್ದುಪಡಿ ನಮೂನೆಗಳಿದ್ದವು. ಮೊದಲನೆಯದನ್ನು ಫೆಲಿಸಿಯಾನಾಳ ಮುಂದೆ ಹಿಡಿದು, ತಮ್ಮಿಂದ ತಪ್ಪಾಗಿದೆ, ಇಲ್ಲಿ ಒಂದು ಸಹಿ ಹಾಕಿದರೆ ಅವಳು ಮತ್ತೆ ಮನುಷ್ಯಳಾಗುತ್ತಾಳೆ, ಇದಕ್ಕೆ ಶುಲ್ಕವಿಲ್ಲ ಎಂದರು. ಹೇಳುವಾಗ ಅವರ ಮುಖ ನಿಜವಾಗಿಯೂ ಸಣ್ಣದಾಗಿತ್ತು.

ಅವಳು ಚಾವಣಿ ಉಳಿಯುತ್ತದೆಯೇ ಎಂದು ಕೇಳಿದಳು. ಬಿಚ್ಚಿ ಹಿಂದಿರುಗಿಸಬೇಕಾಗುತ್ತದೆ ಎಂದರು. ಕನ್ನಡಕವೂ ಹಾಗೆಯೇ.

"ಮಗಳ ಮನೆ?"

ಲಿಸೆನ್ಸಿಯಾದೋ ಪುಟ ತಿರುವಿದರು. "ಮನುಷ್ಯರಿಗೆ ವರ್ಷಕ್ಕೆ ಎರಡು ದಿನ ರಜೆ ಇದೆ ದೋನ್ಯಾ ಫೆಲಿಸಿಯಾನಾ. ಮನೇಲಿ ಯಾರಾದ್ರೂ ತೀರಿಕೊಂಡ್ರೆ."

"ಹುಟ್ಟಿದ್ರೆ?"

ಅವರು ಇನ್ನೂ ಮೂರು ಪುಟ ತಿರುವಿದರು. ಮೊದಲಿನಿಂದ ಮತ್ತೊಮ್ಮೆ ನೋಡಿದರು.

"ಹುಟ್ಟಿನ ಬಗ್ಗೆ ಏನೂ ಬರೆದಿಲ್ಲ," ಎಂದರು.

ಫೆಲಿಸಿಯಾನಾ ಮಂಡಿಯೂರಿ ಕೂತು, ಪಟ್ಟಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹಿಂದಕ್ಕೆ ವಾಲಿದಳು. ಎಳೆಗಳು ಬಿಗಿದುಕೊಂಡವು. ನಮೂನೆಯನ್ನು ಅವಳು ಮುಟ್ಟಲಿಲ್ಲ.

"ಯಂತ್ರ ಸಹಿ ಹಾಕಲ್ಲ ಲಿಸೆನ್ಸಿಯಾದೋ," ಅಂದಳು ದೊಮಿಂಗಾ ಜಗಲಿಯಿಂದ. "ನಾನು ಹೆಬ್ಬೆಟ್ಟು ಒತ್ತಬೇಕು. ನನ್ನ ಹೆಬ್ಬೆಟ್ಟಿಗೆ ಇವತ್ತು ನೋವು."

ಲಿಸೆನ್ಸಿಯಾದೋ ‘ಚಾಲಕಿಯ ಒಪ್ಪಿಗೆ ಲಭ್ಯವಿಲ್ಲ’ ಎಂದು ಬರೆದು ಮೊಹರು ಒತ್ತಿದರು. ಉಳಿದ ಮೂವತ್ತೊಂಬತ್ತು ಮನೆಗಳಲ್ಲೂ ಅತ್ತೆಯಂದಿರ ಹೆಬ್ಬೆಟ್ಟಿಗೆ ನೋವಿತ್ತು. ಸಾಂಕ್ರಾಮಿಕವಿರಬಹುದೆಂದು ಅವರು ಷರಾ ಬರೆದರು.

ಈ ವರ್ಷದ ವರದಿಯಲ್ಲಿ ಪಚಾಹ್ ಮಹಿಳಾ ನೇಯ್ಗೆ ಸಹಕಾರ ಸಂಘಕ್ಕೆ ಮಂಡಳಿಯ ಅತ್ಯುನ್ನತ ಶ್ರೇಣಿ ದೊರೆತಿದೆ. ಕಾರ್ಮಿಕರಿಂದ ದೂರುಗಳು: ಇಲ್ಲ. ಮಿತಿಮೀರಿದ ದುಡಿಮೆ: ಇಲ್ಲ. ಕಾರ್ಮಿಕರು: ಇಲ್ಲ. ಎಲ್ವೀರಾ ಎರಡನೆಯ ಸಲ ಬಸುರಿಯಾಗಿರುವ ವಿಷಯವನ್ನು ಸಂಘವು ಲಿಖಿತವಾಗಿ ತಿಳಿಸಿದ್ದು, ಅವಳ ಹಿತ್ತಲಿನಲ್ಲಿ ಯಂತ್ರ ದುರಸ್ತಿ ಕೇಂದ್ರ ಕಟ್ಟಲು ಮಂಡಳಿ ಮಂಜೂರಾತಿ ನೀಡಿದೆ. ನಕ್ಷೆಯಲ್ಲಿ ಅದು ಮಣ್ಣಿನ ಗೋಡೆಯ, ತಗ್ಗು ಬಾಗಿಲಿನ, ಕಿಟಕಿಯಿಲ್ಲದ ಒಂದು ಕೋಣೆ. ಒಳಗೆ ಇಬ್ಬರು ಕೂರಬಹುದು.