ಡಿಕ್ಕಿಯಲ್ಲಿದ್ದ ಅಡಿಗೆಮನೆ

ತಮ್ಮ ವಯಸ್ಸನ್ನೂ ಪಗಾರವನ್ನೂ ನಿಜ ಹೇಳುವ ಗಂಡಸರನ್ನು ನಾನು ಕಂಡಿದ್ದೇನೆ. ಗಾಡಿಯ ಆವರೇಜನ್ನು ನಿಜ ಹೇಳಿದವನೊಬ್ಬನೂ ಇದುವರೆಗೆ ಸಿಕ್ಕಿಲ್ಲ. ಸುಳ್ಳು ಹೇಳುವವರಲ್ಲಿ ನಾನೂ ಒಬ್ಬ. ನಮ್ಮ ಹುಕ್ಕೇರಿಯಲ್ಲಿ ಯಾರು ಕೇಳಿದರೂ ನನ್ನ ಕಾರು ಲೀಟರಿಗೆ ಹನ್ನೆರಡು ಕೊಡುತ್ತದೆ ಎನ್ನುತ್ತಿದ್ದೆ. ಅದು ಆರು ಕೊಟ್ಟ ದಿನ ದಾರಿಯುದ್ದಕ್ಕೂ ಇಳಿಜಾರು ಸಿಕ್ಕಿರುತ್ತಿತ್ತು. ಹಳೆಯದು, ದೊಡ್ಡದು; ಬಾಗಿಲು ತೆಗೆದರೆ ಪಡಸಾಲೆ ತೆಗೆದ ಹಾಗೆ. ಮನೆಮಂದಿಯೆಲ್ಲ ಕೂಡಬಹುದು ಎಂಬ ಒಂದೇ ಲೆಕ್ಕ ಹಾಕಿ ಕೊಂಡಿದ್ದೆ. ಮನೆಯಲ್ಲಿರುವವರು ನಾವಿಬ್ಬರೇ ಎಂಬುದು ಆಮೇಲೆ ಹೊಳೆಯಿತು.

ಆ ಹೊತ್ತಿಗೆ ಮೂಡಲಗಿಯಲ್ಲಿರುವ ನನ್ನ ಹೆಂಡತಿಯ ತಮ್ಮ ಭರತೇಶ ಹೊಸ ಸಣ್ಣ ಕಾರು ತೆಗೆದುಕೊಂಡ. ಅದು ಹದಿನೆಂಟು ಕೊಡುತ್ತದಂತೆ. ಅವನದೂ ಸುಳ್ಳೇ ಎಂದು ಗೊತ್ತಿತ್ತು. ಅದು ನನ್ನ ಸುಳ್ಳಿಗಿಂತ ದೊಡ್ಡದಾಗಿದ್ದು ಮಾತ್ರ ಸಹಿಸಲಾಗಲಿಲ್ಲ.

ಗೋಕಾಕದ ಮೆಕ್ಯಾನಿಕ್ ಒಬ್ಬ ದಾರಿ ತೋರಿಸಿದ. ಪೆಟ್ರೋಲ್ ಕಾರಿಗೆ ನಳಿಗೆ ಜೋಡಿಸಿ ಅಡಿಗೆಯ ಸಿಲಿಂಡರಿನ ಗ್ಯಾಸಿನಿಂದ ಓಡಿಸುವುದನ್ನು ಆಗ ಹಲವರು ಕದ್ದುಮುಚ್ಚಿ ಮಾಡುತ್ತಿದ್ದರು. ತಪ್ಪೆಂದು ಎಲ್ಲರಿಗೂ ಗೊತ್ತಿತ್ತು, ನನಗೂ. ಮನೆಯಲ್ಲಿದ್ದ ಎರಡು ಸಿಲಿಂಡರುಗಳಲ್ಲಿ ಒಂದನ್ನು ಡಿಕ್ಕಿಯಲ್ಲಿ ಇಟ್ಟೆ. ನನ್ನ ಹೆಂಡತಿ ಸುನಂದಾ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಲೆ ಆರಿದ ದಿನ ಅದು ಒಳಗೆ ಬರಬೇಕು. ಬರುತ್ತದೆ ಬಿಡು ಎಂದೆ. ಎಷ್ಟು ಉಳಿದಿದೆ ಎಂದು ತೋರಿಸುವ ಮುಳ್ಳು ಮಾತ್ರ ಅದಕ್ಕಿರಲಿಲ್ಲ; ಡಿಕ್ಕಿ ತೆಗೆದು, ಸಿಲಿಂಡರನ್ನು ಎತ್ತಿ ನೋಡಿ, ಸೊಂಟ ಎಷ್ಟು ನೊಂದಿತು ಎಂಬುದರ ಮೇಲೆ ಅಂದಾಜು ಮಾಡಬೇಕಿತ್ತು.

ಒಂದು ರವಿವಾರ ಭರತೇಶ ತಾಯಿಯನ್ನು ಕರೆದುಕೊಂಡು ಬಂದ. ನಾವು ಜೈನರು. ನನ್ನ ಕಾಲದವರು ಅಷ್ಟು ಕಟ್ಟುನಿಟ್ಟಲ್ಲ, ಆದರೆ ಅತ್ತೆ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟುವವರಲ್ಲ. ಬೆಳಕಿರುವಾಗಲೇ ಮಗಳ ಕೈಯ ರೊಟ್ಟಿ ಉಂಡು ಹೊರಡುವುದೆಂದು ಮಾತಾಗಿತ್ತು. ಅದಕ್ಕೆ ಇನ್ನೂ ಎರಡು ತಾಸು ಇತ್ತು. ನನಗೆ ಸುಮ್ಮನೆ ಕೂಡಲಾಗಲಿಲ್ಲ. ಭರತೇಶನನ್ನು ಕೂರಿಸಿಕೊಂಡು, ಪೆಟ್ರೋಲಿನ ಖರ್ಚೇ ಇಲ್ಲ ನೋಡು ಎನ್ನುತ್ತ ಘಟಪ್ರಭಾಕ್ಕೆ ಹೊರಟೆ. ತಿರುಗಿ ಬರುವಾಗ ಹುಕ್ಕೇರಿ ಇನ್ನೂ ದೂರವಿರುವಾಗಲೇ ಕಾರು ಕೆಮ್ಮಿತು. ಅವನು ಕಬ್ಬಿನ ಹೊಲ ನೋಡುತ್ತಿದ್ದಾಗ ಮೆಲ್ಲಗೆ ಕೈ ಕೆಳಗೆ ಒಯ್ದು ಸ್ವಿಚ್ಚನ್ನು ಗ್ಯಾಸಿನಿಂದ ಪೆಟ್ರೋಲಿಗೆ ತಿರುಗಿಸಿದೆ.

ಬಾಗಿಲಲ್ಲೇ ಸುನಂದಾ ನಿಂತಿದ್ದಳು. ಪಲ್ಯ ಆಗುತ್ತಿದ್ದಂತೆ ಒಲೆ ಆರಿತ್ತಂತೆ. ಪಕ್ಕದ ಮನೆಯಲ್ಲಿ ಕೇಳಿದರೆ, ಅವರ ಎರಡನೆಯ ಸಿಲಿಂಡರು ಅವರ ವ್ಯಾನಿನಲ್ಲಿ ಸಂಕೇಶ್ವರಕ್ಕೆ ಹೋಗಿತ್ತು. ನಾನು ಮುಂದಾಗುವುದರೊಳಗೆ ಭರತೇಶ ಡಿಕ್ಕಿ ತೆಗೆದು ನಮ್ಮದನ್ನು ಒಂದೇ ಕೈಯಲ್ಲಿ ಎತ್ತಿದ. ಅಷ್ಟರಿಂದಲೇ ಮೂವರಿಗೂ ಎಲ್ಲ ತಿಳಿಯಿತು.

ಸುನಂದಾ ಸಿಟ್ಟಾಗಲಿಲ್ಲ. "ನಿಮ್ಮ ಕಾರಿಂದು ಊಟಾ ಆತಲ್ರಿ. ಇನ್ನ ನೀವು ಬಂದು ಒಲಿ ಊದ್ರಿ," ಎಂದಳು.

ಹಿತ್ತಲಲ್ಲಿ ಸ್ನಾನದ ನೀರು ಕಾಯಿಸುವ ಒಲೆಯ ಮುಂದೆ ಕುಳಿತೆ. ಮಳೆಗಾಲದ ಹಸಿ ಕಟ್ಟಿಗೆ, ಊದಿದಷ್ಟೂ ಹೊಗೆ. ಅತ್ತೆ ಕಟ್ಟೆಯ ಮೇಲೆ ಕುಳಿತು ಒಮ್ಮೆ ನನ್ನನ್ನು, ಒಮ್ಮೆ ಸೂರ್ಯನನ್ನು ನೋಡುತ್ತಿದ್ದರು. ತವರಿನವರಿಗೆ ಒಂದು ರೊಟ್ಟಿ ಹಾಕಲಾಗದೆ, ನಾದಿದ ಹಿಟ್ಟು ಮುಂದಿಟ್ಟುಕೊಂಡು ಕುಳಿತ ಹೆಂಡತಿಯ ಮುಖ ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಕಣ್ಣೀರು ಹೊಗೆಯದು ಎಂದುಕೊಳ್ಳುವ ಅನುಕೂಲವಿತ್ತು. ಮೊದಲನೆಯ ರೊಟ್ಟಿ ಉಬ್ಬುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಅತ್ತೆ ಅದಕ್ಕೂ ಮೊದಲೇ ಎರಡು ಬಾಳೆಹಣ್ಣು ತಿಂದು ಬಾಯಿ ತೊಳೆದುಕೊಂಡಿದ್ದರು.

ಹೊರಡುವಾಗ ಸಣ್ಣ ಕಾರಿನಲ್ಲಿ ಕೂಡುತ್ತ ಅವರು ಮಗನಿಗೆ ಹೇಳಿದರು: "ನಿಮ್ಮ ಮಾಮಾರ ಗಾಡಿ ಚೊಲೋ ಐತಿ ಭರತೇಶ. ಘಟಪ್ರಭಾಕ್ಕ ಹೋಗಿ ಬರಾಕ ನನ್ನ ಒಂದ ಹೊತ್ತಿನ ಊಟದಾಗ ಆತು. ನಿಂದು ಅಷ್ಟು ಕೊಡತೈತೇನ?"

ಅವನು ಗಾಡಿ ಚಾಲೂ ಮಾಡಿದ. ನಾನು ಮರುದಿನವೇ ನಳಿಗೆ ಬಿಚ್ಚಿಸಿ ಸಿಲಿಂಡರನ್ನು ಅಡಿಗೆಮನೆಗೆ ಒಪ್ಪಿಸಿದೆ. ಅಂದಿನಿಂದ ನಾನೂ ಹೊತ್ತು ಮುಳುಗುವುದರೊಳಗೆ ಉಣ್ಣುತ್ತೇನೆ. ಇವರಿಗೆ ಧರ್ಮದ ಕಡೆ ಮನಸ್ಸು ತಿರುಗಿದೆ ಎಂದು ಓಣಿಯವರು ಹೊಗಳುತ್ತಾರೆ. ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ನನಗೆ ಬಡಿಸುವವರಿಲ್ಲ ಎಂಬುದನ್ನು ನಾನು ಹೇಳಲು ಹೋಗುವುದಿಲ್ಲ.